ಬೀಗ ಮುರಿಯುವ ವಿದ್ಯೆ

ಶೂದ್ರಕನ ‘ಮೃಚ್ಛಕಟಿಕ’ ನಾಟಕದಲ್ಲಿ ಶರ್ವಿಲಕನೆಂಬ ಒಬ್ಬ ಕಳ್ಳನಿದ್ದಾನೆ. ಹುಟ್ಟಿನಿಂದ ಬ್ರಾಹ್ಮಣ, ಕಲಿತವನು. ಚಾರುದತ್ತನ ಮನೆಗೆ ಕನ್ನ ಹಾಕಲು ಬಂದ ಈತ ಆ ಕೆಲಸವನ್ನು ಶಾಸ್ತ್ರೋಕ್ತವಾಗಿಯೇ ಮಾಡುತ್ತಾನೆ. ಗೋಡೆ ಎಲ್ಲಿ ನೀರು ಬಿದ್ದು ಮೆತ್ತಗಾಗಿದೆ, ಯಾವ ಆಕಾರದ ಕನ್ನ ಈ ಗೋಡೆಗೆ ಒಪ್ಪೀತು ಎಂದು ಸಾವಧಾನವಾಗಿ ವಿಚಾರ ಮಾಡುತ್ತಾನೆ. ಅಳತೆಯ ದಾರವನ್ನು ಮರೆತು ಬಂದದ್ದು ನೆನಪಾದಾಗ ತನ್ನ ಯಜ್ಞೋಪವೀತವನ್ನೇ ಆ ಕೆಲಸಕ್ಕೆ ಬಳಸಿಕೊಳ್ಳುತ್ತಾನೆ. ಕಳವಾದದ್ದು ತಿಳಿದು ಎಚ್ಚರಗೊಂಡ ಚಾರುದತ್ತನಾದರೂ ಏನು ಮಾಡುತ್ತಾನೆ? ಮೊದಲು ಆ ಕನ್ನದ ಅಂದವನ್ನು ಮೆಚ್ಚಿಕೊಳ್ಳುತ್ತಾನೆ! ಕಳ್ಳತನ ನೀಚವೆಂಬುದು ನಿಜ. ಆದರೆ ಗೋಡೆ ಎಲ್ಲಿ ದುರ್ಬಲವೆಂದು ಅರಿಯುವುದು ಒಂದು ವಿದ್ಯೆ ಎಂಬುದೂ ನಿಜ. ಈ ಎರಡು ನಿಜಗಳ ನಡುವೆ ಒಂದು ಗೆರೆಯಿದೆ. ಆ ಗೆರೆ ಎಲ್ಲಿದೆ ಎಂಬುದನ್ನು ಕುರಿತು ಇಂದು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಆದರೆ ನನ್ನ ಕಥೆ ಉಜ್ಜಯಿನಿಯದಲ್ಲ, ಅಮೆರಿಕದ್ದು. ಅಲ್ಲಿ ಕನ್ನ ಬಿದ್ದದ್ದು ಮಣ್ಣಿನ ಗೋಡೆಗಲ್ಲ, ಕಂಪ್ಯೂಟರಿಗೆ.

ಕಂಪ್ಯೂಟರಿಗೂ ನಮಗೂ ಇರುವ ಸಂಬಂಧ ದುಷ್ಯಂತನಿಗೂ ಶಕುಂತಲೆಗೂ ಇದ್ದ ಸಂಬಂಧದಂಥದು. ಶಾಪಗ್ರಸ್ತನಾದ ಆ ದೊರೆಗೆ ಎದುರಿಗೆ ನಿಂತ ಮುಖದ ಗುರುತು ಹತ್ತಲಿಲ್ಲ, ಆಡಿದ ಮಾತು ನಾಟಲಿಲ್ಲ. ಉಂಗುರ ಬಂದ ಮೇಲೆಯೇ ನೆನಪು ಬಂದದ್ದು. ಯಂತ್ರವೂ ಹಾಗೆಯೇ. ನೀವು ಯಾರು, ಎಂಥವರು, ಎಷ್ಟು ವರ್ಷದಿಂದ ಅದರ ಮುಂದೆ ಕುಳಿತವರು ಎಂಬುದು ಅದಕ್ಕೆ ಬೇಕಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಉಂಗುರ ಎಲ್ಲಿ? ಆ ಉಂಗುರವೇ ಪಾಸ್‌ವರ್ಡ್. ಕನ್ನಡದಲ್ಲಿ ಗುಪ್ತಪದ ಎನ್ನೋಣ. ಗುಪ್ತಪದವನ್ನು ಬಲ್ಲವನು ಒಳಗೆ, ಅರಿಯದವನು ಹೊರಗೆ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕ ಬೆಸ್ತನೇ ಬಂದು ತೋರಿಸಿದರೂ ಈ ದೊರೆ ಅವನನ್ನು ಶಕುಂತಲೆಯೆಂದೇ ಆದರಿಸುತ್ತಾನೆ. ತೊಂದರೆಯೆಲ್ಲ ಇರುವುದು ಇಲ್ಲಿ.

ಈ ಪದ್ಧತಿ ಮೊದಲಾದದ್ದು 1960ರ ದಶಕದ ಆರಂಭದಲ್ಲಿ. ಅದಕ್ಕೆ ಮೊದಲು ಒಂದು ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬ ಯಂತ್ರ. ಒಮ್ಮೆಗೆ ಒಬ್ಬನ ಕೆಲಸ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಹಂಚಿಕೊಂಡು ಬಳಸುವ ಉಪಾಯವನ್ನು 1961ರಲ್ಲಿ ಮಾಡಿ ತೋರಿಸಿದರು. ಕೂಡುಕುಟುಂಬವಾದ ಮೇಲೆ ಪೆಟ್ಟಿಗೆಗೆ ಬೀಗ ಬೇಕಾಗುವುದು ಲೋಕರೂಢಿ ತಾನೆ? ಒಬ್ಬನ ಕಾಗದಪತ್ರ ಇನ್ನೊಬ್ಬನಿಗೆ ಸಿಗಬಾರದು, ಒಬ್ಬನಿಗೆ ಗೊತ್ತುಮಾಡಿದ ಹೊತ್ತನ್ನು ಇನ್ನೊಬ್ಬ ನುಂಗಬಾರದು. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದೊಂದು ಗುಪ್ತಪದ ಬಂತು.

ಬೀಗ ಬಂದ ಮರುವರ್ಷವೇ ಬೀಗ ತೆಗೆಯುವವನೂ ಬಂದ. ಅವನು ಹೊರಗಿನ ಕಳ್ಳನಲ್ಲ; ಅಲ್ಲಿಯೇ ಡಾಕ್ಟರೇಟ್‌ಗಾಗಿ ದುಡಿಯುತ್ತಿದ್ದ ಅಲನ್ ಶೆರ್ ಎಂಬ ವಿದ್ಯಾರ್ಥಿ. ಅವನಿಗೆ ಗೊತ್ತುಮಾಡಿದ್ದ ಯಂತ್ರದ ಹೊತ್ತು ಅವನ ಸಂಶೋಧನೆಗೆ ಸಾಲದಾಗಿತ್ತು. ಬೇಕಾದ ಕಡತವನ್ನು ಅಚ್ಚುಮಾಡಿ ಕೊಡೆಂದು ರಂಧ್ರಪತ್ರದ ಮೂಲಕ ಯಂತ್ರಕ್ಕೆ ವಿನಂತಿ ಮಾಡುವ ಅನುಕೂಲವೊಂದು ಅಲ್ಲಿತ್ತು. ಅವನು ಗುಪ್ತಪದಗಳ ಕಡತವನ್ನೇ ಅಚ್ಚುಮಾಡಿ ಕೊಡೆಂದು ಕೇಳಿದ. ವಿಧೇಯ ಯಂತ್ರ ಅಚ್ಚುಮಾಡಿ ಕೊಟ್ಟಿತು! ಬಹುಕಾಲದ ಮೇಲೆ ಈ ಸಂಗತಿಯನ್ನು ಅವನೇ ಹೇಳಿಕೊಂಡ. ಅದೇ ದಶಕದಲ್ಲಿ ಅದೇ ಯಂತ್ರದಲ್ಲಿ ಇನ್ನೊಂದು ವಿನೋದ ನಡೆಯಿತು. ಒಬ್ಬ ಮೇಲ್ವಿಚಾರಕ ಗುಪ್ತಪದಗಳ ಕಡತವನ್ನು ತಿದ್ದುತ್ತಿದ್ದ. ಇನ್ನೊಬ್ಬ, ಬಂದವರಿಗೆಲ್ಲ ತೋರಿಸುವ ಆ ದಿನದ ಪ್ರಕಟಣೆಯನ್ನು ತಿದ್ದುತ್ತಿದ್ದ. ಯಂತ್ರದ ಒಳಗೆ ಎರಡು ಹಾಳೆಗಳು ಅದಲುಬದಲಾದವು. ಆಮೇಲೆ ಬಂದು ಕುಳಿತ ಪ್ರತಿಯೊಬ್ಬರಿಗೂ ‘ಇಂದಿನ ಪ್ರಕಟಣೆ’ಯಾಗಿ ಎಲ್ಲರ ಗುಪ್ತಪದಗಳ ಪಟ್ಟಿ ಕಾಣಿಸಿತು.

ಈ ಎರಡು ಪ್ರಸಂಗಗಳು ಕಲಿಸಿದ ಪಾಠ ಒಂದೇ. ಎಲ್ಲರ ಕೀಲಿಕೈಗಳನ್ನೂ ಒಂದು ಗೂಟಕ್ಕೆ ನೇತುಹಾಕಿದರೆ, ಆ ಗೂಟ ಸಿಕ್ಕಿದವನಿಗೆ ಊರೆಲ್ಲ ಸಿಕ್ಕಿದಂತೆ. ಹಾಗಾದರೆ ಯಂತ್ರ ಗುಪ್ತಪದವನ್ನು ತನ್ನಲ್ಲಿ ಇಟ್ಟುಕೊಳ್ಳದೆಯೇ ಗುರುತು ಹಿಡಿಯಬಲ್ಲುದೆ? ಬಲ್ಲುದು. ಆ ಉಪಾಯ 1960ರ ದಶಕದಲ್ಲಿಯೇ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹೊಳೆಯಿತು. ರೋಜರ್ ನೀಡ್‌ಹ್ಯಾಮ್ ಅವರ ಹೆಸರನ್ನು ಅದರೊಂದಿಗೆ ಹೇಳುತ್ತಾರೆ. ಅದನ್ನು ನಮ್ಮ ಮನೆಯ ಬೀಸುವ ಕಲ್ಲಿನ ಮೂಲಕ ತಿಳಿಯಬಹುದು. ರಾಗಿ ಹಾಕಿದರೆ ರಾಗಿಹಿಟ್ಟು, ಜೋಳ ಹಾಕಿದರೆ ಜೋಳದ ಹಿಟ್ಟು. ಆದರೆ ಹಿಟ್ಟನ್ನು ಹಾಕಿ ಕಲ್ಲನ್ನು ಎಡಕ್ಕೆ ತಿರುಗಿಸಿದರೆ ಕಾಳು ಬರುವುದಿಲ್ಲ. ಹಾಗೆ ಒಂದೇ ದಿಕ್ಕಿನಲ್ಲಿ ನಡೆಯುವ ಗಣಿತವೊಂದರಲ್ಲಿ ಗುಪ್ತಪದವನ್ನು ಬೀಸಿ, ಯಂತ್ರ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮರುದಿನ ನೀವು ಬಂದು ಪದವನ್ನು ಹೇಳಿದಾಗ ಅದನ್ನೂ ಬೀಸಿ, ಎರಡು ಹಿಟ್ಟೂ ಒಂದೇ ಆಗಿದ್ದರೆ ಬಾಗಿಲು ತೆರೆಯುತ್ತದೆ. ಕಡತವನ್ನು ಕದ್ದವನಿಗೆ ಸಿಕ್ಕುವುದು ಹಿಟ್ಟು, ಕಾಳಲ್ಲ.

ಇಲ್ಲಿಗೆ ಕಥೆ ಸುಖಾಂತವಾಗಬೇಕಾಗಿತ್ತು. ಆಗಲಿಲ್ಲ. ಏಕೆಂಬುದನ್ನು ಲೋಕಕ್ಕೆ ತಿಳಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಇಬ್ಬರು: ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್. 1969ರಲ್ಲಿ ಹುಟ್ಟಿ ಇಂದಿಗೂ ಗಣಕಲೋಕದ ತಳಹದಿಯಾಗಿ ಉಳಿದಿರುವ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಕಟ್ಟಿದವರಲ್ಲಿ ಥಾಂಪ್ಸನ್ ಮುಖ್ಯರು. ಮಾರಿಸ್ ಗಣಿತಜ್ಞರು, ಗೂಢಲಿಪಿಯಲ್ಲಿ ಪಳಗಿದವರು. ಯುನಿಕ್ಸ್‌ನ ಬೀಗವನ್ನು ಮಾಡಿದವರು ಅವರೇ. ಮಾಡಿದ ಮೇಲೆ ಅದನ್ನು ತಾವೇ ಮುರಿಯಲು ಕುಳಿತರು. ಇದು ಗಮನಿಸಬೇಕಾದ ಸಂಗತಿ. ಬಡಗಿ ತಾನು ಮಾಡಿದ ಕುರ್ಚಿಯ ಮೇಲೆ ತಾನೇ ಕುಳಿತು ಕುಲುಕಿ ನೋಡಿದಂತೆ.

ಹಿಟ್ಟಿನಿಂದ ಕಾಳು ಬಾರದೆಂಬುದು ಸರಿ. ಆದರೆ ಕಳ್ಳನಿಗೂ ಒಂದು ಬೀಸುವ ಕಲ್ಲು ಇರಬಹುದಲ್ಲ? ಅವನು ಊರಿನಲ್ಲಿ ಸಿಗುವ ಒಂದೊಂದು ಕಾಳನ್ನೂ ತಂದು ಬೀಸುತ್ತ, ಬಂದ ಹಿಟ್ಟನ್ನು ಕದ್ದ ಹಿಟ್ಟಿನೊಂದಿಗೆ ಹೋಲಿಸುತ್ತ ಹೋದರೆ? ಒಂದಲ್ಲ ಒಂದು ಹೊತ್ತು ತಾಳೆಯಾಗಲೇಬೇಕು. ಪ್ರಶ್ನೆ ಇಷ್ಟೆ: ಎಷ್ಟು ಕಾಳುಗಳನ್ನು ಬೀಸಬೇಕಾದೀತು? ಜನ ಸಾವಿರಾರು ಕೋಟಿ ಸಾಧ್ಯತೆಗಳಲ್ಲಿ ಯಾವುದೋ ಒಂದನ್ನು ಕಣ್ಣುಮುಚ್ಚಿ ಆರಿಸಿಕೊಂಡರೆ ಕಳ್ಳನ ಆಯುಷ್ಯ ಸಾಲದು. ಆದರೆ ಜನ ಹಾಗೆ ಆರಿಸಿಕೊಳ್ಳುತ್ತಾರೆಯೆ?

ಇಬ್ಬರು ವಿದ್ವಾಂಸರೂ ಅದನ್ನು ಊಹೆಗೆ ಬಿಡದೆ ಎಣಿಸಿ ನೋಡಿದರು. ಬಹುಕಾಲ ಸಂಗ್ರಹಿಸಿದ 3,289 ಗುಪ್ತಪದಗಳು ಅವರ ಮುಂದಿದ್ದವು. ಅವುಗಳಲ್ಲಿ 15 ಪದಗಳು ಒಂದೇ ಒಂದು ಅಕ್ಷರದವು! ಎರಡಕ್ಷರದವು 72, ಮೂರಕ್ಷರದವು 464. ನಾಲ್ಕಕ್ಷರ ಅಥವಾ ಅಂಕಿಗಳವು 477. ಐದು ಅಕ್ಷರದವು 706, ಆರು ಅಕ್ಷರದವು 605. ಇನ್ನು ನಿಘಂಟುಗಳಲ್ಲಿ, ಹೆಸರಿನ ಪಟ್ಟಿಗಳಲ್ಲಿ ಹುಡುಕಿದಾಗ ಸಿಕ್ಕವು 492. ಒಟ್ಟು 2,831, ಎಂದರೆ ನೂರಕ್ಕೆ 86. ಬೀಗ ಕಬ್ಬಿಣದ್ದು, ಕೀಲಿಕೈ ಮಾತ್ರ ಮೇಣದ್ದು. ದೋಷ ಗಣಿತದಲ್ಲಿರಲಿಲ್ಲ, ಮನುಷ್ಯನ ಮನಸ್ಸಿನಲ್ಲಿತ್ತು. ಮನಸ್ಸು ನೆನಪಿಡಬಲ್ಲುದನ್ನು ಆರಿಸುತ್ತದೆ, ನೆನಪಿಡಬಲ್ಲುದೆಂದರೆ ಪರಿಚಯವಾದದ್ದು, ಪರಿಚಯವಾದದ್ದನ್ನು ಇನ್ನೊಬ್ಬ ಊಹಿಸಬಲ್ಲ.

ಮದ್ದನ್ನೂ ಅವರು ಸೂಚಿಸಿದರು. ಒಂದು, ಬೀಸುವ ಕಲ್ಲನ್ನು ಬೇಕೆಂದೇ ಭಾರ ಮಾಡುವುದು. ಒಂದು ಸಲ ಬಾಗಿಲು ತೆರೆಯುವ ಮನೆಯವನಿಗೆ ಒಂದು ಕ್ಷಣದ ವಿಳಂಬ ಲೆಕ್ಕಕ್ಕಿಲ್ಲ; ಲಕ್ಷ ಸಲ ಬೀಸಬೇಕಾದ ಕಳ್ಳನಿಗೆ ಅದು ಪ್ರಾಣಸಂಕಟ. ಎರಡು, ಪ್ರತಿಯೊಬ್ಬರ ಕಾಳಿಗೂ ಬೀಸುವ ಮೊದಲು ಒಂದು ಚಿಟಿಕೆ ಉಪ್ಪು ಬೆರೆಸುವುದು. ಅದನ್ನು ಅವರು ಉಪ್ಪು ಎಂದೇ ಕರೆದರು. 4,096 ಬಗೆಯ ಉಪ್ಪುಗಳಲ್ಲಿ ಯಾವುದೋ ಒಂದು. ಇದರಿಂದ ಇಬ್ಬರು ಒಂದೇ ಪದವನ್ನು ಇಟ್ಟುಕೊಂಡರೂ ಹಿಟ್ಟು ಸಾಮಾನ್ಯವಾಗಿ ಬೇರೆಯೇ ಆಗುತ್ತದೆ; ಕಳ್ಳ ಒಮ್ಮೆ ಬೀಸಿಟ್ಟುಕೊಂಡ ಹಿಟ್ಟಿನಿಂದ ಊರಿನವರೆಲ್ಲರ ಹಿಟ್ಟನ್ನೂ ಹೋಲಿಸಲಾರ. ಇಂದಿಗೂ ಗುಪ್ತಪದಗಳನ್ನು ಕಾಪಾಡುವ ಒಳ್ಳೆಯ ವ್ಯವಸ್ಥೆಗಳಲ್ಲೆಲ್ಲ ಈ ಉಪ್ಪು ಮತ್ತು ಭಾರದ ಕಲ್ಲು ಇವೆ.

1979ರ ನವೆಂಬರಿನಲ್ಲಿ ಇದನ್ನೆಲ್ಲ ಅವರು ಒಂದು ಪ್ರಬಂಧವಾಗಿ ಪ್ರಕಟಿಸಿದರು. ಕಳ್ಳನಿಗೆ ದಾರಿ ತೋರಿಸಿದಂತೆ ಆಗಲಿಲ್ಲವೆ ಎಂಬ ಸಂದೇಹ ಸಹಜ. ಇದಕ್ಕೆ ಉತ್ತರವನ್ನು ಬಹು ಹಿಂದೆಯೇ ಕೊಟ್ಟವನು ನನ್ನಂತೆ ಭಾಷೆಯ ಮೇಷ್ಟ್ರು ಎಂಬುದು ನನಗೆ ಸ್ವಲ್ಪ ಹೆಮ್ಮೆಯ ವಿಷಯ. ಆಗುಸ್ಟ್ ಕೆರ್ಕಾಫ್ಸ್ ಎಂಬಾತ ನೆದರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಜರ್ಮನ್ ಭಾಷೆ ಕಲಿಸುತ್ತಿದ್ದವನು. ಸೈನ್ಯದ ಗೂಢಲಿಪಿಯನ್ನು ಕುರಿತು 1883ರಲ್ಲಿ ಬರೆದ ಲೇಖನದಲ್ಲಿ ಅವನು ಹೇಳಿದ್ದರ ತಾತ್ಪರ್ಯ ಇಷ್ಟು: ಯಂತ್ರದ ರಚನೆ ಶತ್ರುವಿನ ಕೈಗೆ ಸಿಕ್ಕರೂ ಕೆಡುಕಾಗಬಾರದು, ಗುಟ್ಟಾಗಿ ಇರಬೇಕಾದದ್ದು ಕೀಲಿಕೈ ಒಂದೇ. ಬೀಗದ ದೋಷವನ್ನು ಮುಚ್ಚಿಟ್ಟರೆ ಅದನ್ನು ಅರಿಯದೆ ಇರುವವನು ಮನೆಯ ಯಜಮಾನನೇ ಹೊರತು ಕಳ್ಳನಲ್ಲ. ಕಳ್ಳನಿಗೆ ಅದು ಹೇಗೂ ಗೊತ್ತಾಗುತ್ತದೆ, ಏಕೆಂದರೆ ಅವನ ಕಸುಬೇ ಅದು. ಮಾರಿಸ್ ಮತ್ತು ಥಾಂಪ್ಸನ್ ಮಾಡಿದ್ದು ಮನೆಯ ಯಜಮಾನನನ್ನು ಎಬ್ಬಿಸಿದ ಕೆಲಸ.

ಇಷ್ಟು ತಂದೆಯ ಕಥೆ. ಇನ್ನು ಮಗನದು.

ರಾಬರ್ಟ್ ಮಾರಿಸರ ಮಗನ ಹೆಸರೂ ರಾಬರ್ಟ್ ಮಾರಿಸ್. ನಡುವೆ ಟಪ್ಪನ್ ಎಂದು ಸೇರಿಸಿದರೆ ಗುರುತು ಸುಲಭ. 1988ರಲ್ಲಿ ಅವನು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗಕ್ಕೆ ಸೇರಿದ್ದ, ವಯಸ್ಸು 22. ಆ ಹೊತ್ತಿಗೆ ತಂದೆ ಬೆಲ್ ಪ್ರಯೋಗಾಲಯವನ್ನು ಬಿಟ್ಟು ಅಮೆರಿಕ ಸರ್ಕಾರದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ಕಂಪ್ಯೂಟರ್ ಭದ್ರತೆಯ ಮುಖ್ಯ ವಿಜ್ಞಾನಿಯಾಗಿದ್ದರು. ಆ ವರ್ಷದ ನವೆಂಬರ್ 2ರ ಸಂಜೆ ಮಗ ಒಂದು ಚಿಕ್ಕ ಕಾರ್ಯಕ್ರಮವನ್ನು ಬರೆದು ಜಾಲಕ್ಕೆ ಬಿಟ್ಟ. ತಾನಿದ್ದ ಕಾರ್ನೆಲ್‌ನಿಂದ ಅಲ್ಲ. ಗುರುತು ಸಿಗಬಾರದೆಂದು ಮ್ಯಾಸಚೂಸೆಟ್ಸ್‌ನ ಯಂತ್ರವೊಂದರಿಂದ. ಯಾರ ನೆರವೂ ಇಲ್ಲದೆ ಯಂತ್ರದಿಂದ ಯಂತ್ರಕ್ಕೆ ತೆವಳಿಹೋಗಿ, ಹೋದಲ್ಲೆಲ್ಲ ತನ್ನಂಥದೇ ಇನ್ನೊಂದನ್ನು ಹೆರುವ ಇಂಥದಕ್ಕೆ ಗಣಕಶಾಸ್ತ್ರದಲ್ಲಿ ಹುಳು ಎನ್ನುತ್ತಾರೆ. ಯಾವ ಕಡತವನ್ನೂ ಅಳಿಸುವ, ಯಾವ ಒಡವೆಯನ್ನೂ ಕದಿಯುವ ಆಜ್ಞೆ ಅದರಲ್ಲಿರಲಿಲ್ಲ. ಎಲ್ಲಿಯವರೆಗೆ ಹೋಗಬಲ್ಲುದೋ ನೋಡಬೇಕೆಂಬ ಕುತೂಹಲವಿತ್ತು, ಅಷ್ಟೆ.

ಹುಳುವಿಗೆ ಹಲವು ದಾರಿಗಳಿದ್ದವು. ಅಂಚೆಯನ್ನು ಸಾಗಿಸುವ ಕಾರ್ಯಕ್ರಮದಲ್ಲಿ, ಪರೀಕ್ಷಿಸಲು ಅನುಕೂಲವಾಗಲೆಂದು ಉಳಿಸಿದ್ದ ಒಂದು ಕಿಂಡಿ ಮೊದಲನೆಯದು. ಮನೆ ಕಟ್ಟಿದ ಮೇಸ್ತ್ರಿ ತನ್ನ ಓಡಾಟಕ್ಕೆ ಬಿಟ್ಟುಕೊಂಡ ಸಂದನ್ನು ಗೃಹಪ್ರವೇಶದ ಮೇಲೂ ಮುಚ್ಚದೆ ಹೋದಂತೆ. ಯಾವ ಬಳಕೆದಾರ ಯಂತ್ರದ ಮುಂದಿದ್ದಾನೆಂದು ತಿಳಿಸುವ ಇನ್ನೊಂದು ಕಾರ್ಯಕ್ರಮದಲ್ಲಿ ಎರಡನೆಯ ದಾರಿ. ಅಲ್ಲಿ ಪ್ರಶ್ನೆಯನ್ನು ಹಿಡಿಯಲು 512 ಅಕ್ಷರಗಳ ಪಾತ್ರೆಯಿತ್ತು. ಹುಳು 536 ಅಕ್ಷರಗಳನ್ನು ಸುರಿಯಿತು. ಹೆಚ್ಚಾದದ್ದು ಹೊರಚೆಲ್ಲಿ ಯಂತ್ರದ ಆಜ್ಞೆಗಳ ನಡುವೆ ಸೇರಿಕೊಂಡಿತು. ಅತಿಥಿ ಆಡಿದ ಮಾತನ್ನು ಯಂತ್ರ ಯಜಮಾನನ ಅಪ್ಪಣೆಯೆಂದು ತಿಳಿದು ನಡೆಸಿಬಿಟ್ಟಿತು. ಮೂರನೆಯದು ನಂಬಿಕೆಯ ದಾರಿ. ಒಂದು ಯಂತ್ರ ನೆರೆಯ ಯಂತ್ರವನ್ನು ನಂಬಿ ಗುಪ್ತಪದ ಕೇಳದೆಯೇ ಒಳಗೆ ಬಿಡುವ ಪದ್ಧತಿ ಆಗ ವಾಡಿಕೆಯಲ್ಲಿತ್ತು.

ನಾಲ್ಕನೆಯದೇ ನಮ್ಮ ಕಥೆಯ ತಿರುಳು: ಗುಪ್ತಪದವನ್ನು ಊಹಿಸುವುದು. ಅಂದಿನ ಯುನಿಕ್ಸ್‌ನಲ್ಲಿ ಬೀಸಿದ ಹಿಟ್ಟಿನ ಕಡತವನ್ನು ಯಾರು ಬೇಕಾದರೂ ಓದಬಹುದಾಗಿತ್ತು. ಹಿಟ್ಟಲ್ಲವೆ, ಇದ್ದರೇನು ಎಂಬ ಧೈರ್ಯ. ಹುಳು ಅದನ್ನು ಓದಿಕೊಂಡು ಬೀಸಲು ತೊಡಗಿತು. ಮೊದಲು ಗುಪ್ತಪದವೇ ಇಲ್ಲದವರು, ಆಮೇಲೆ ತಮ್ಮ ಹೆಸರನ್ನೇ ಇಟ್ಟುಕೊಂಡವರು, ಹೆಸರನ್ನು ಎರಡು ಸಲ ಬರೆದವರು, ಹಿಂದುಮುಂದಾಗಿ ಬರೆದವರು. ಅದಾದ ಮೇಲೆ ಹುಳು ತನ್ನ ಹೊಟ್ಟೆಯಲ್ಲಿಯೇ ಹೊತ್ತು ತಂದಿದ್ದ 432 ಪದಗಳ ಪಟ್ಟಿ. ಕೊನೆಗೆ ಆ ಯಂತ್ರದಲ್ಲಿಯೇ ಇದ್ದ ನಿಘಂಟು. ಒಂಬತ್ತು ವರ್ಷಗಳ ಹಿಂದೆ ತಂದೆ ಎಚ್ಚರಿಕೆಯಾಗಿ ಬರೆದ ಪಾಠವನ್ನು ಮಗನ ಹುಳು ಅಕ್ಷರಶಃ ಒಪ್ಪಿಸಿತು. ಎಚ್ಚರಿಕೆಯನ್ನು ಜನ ಓದಿದ್ದರು. ಗುಪ್ತಪದವನ್ನು ಮಾತ್ರ ಬದಲಾಯಿಸಿರಲಿಲ್ಲ.

ಒಂದು ಯಂತ್ರದಲ್ಲಿ ಈಗಾಗಲೇ ಹುಳುವಿದ್ದರೆ ಎರಡನೆಯದು ಸೇರಬಾರದೆಂಬ ವಿವೇಚನೆ ಅವನಿಗಿತ್ತು. ಆದರೆ ಯಾರಾದರೂ ಜಾಣರು ‘ಇಲ್ಲಿ ಹುಳುವಿದೆ’ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡಾರೆಂದು, ಏಳರಲ್ಲಿ ಒಂದು ಸಲ ಆ ಮಾತನ್ನು ನಂಬದೆ ನೆಲೆಸಿಬಿಡು ಎಂದು ಆಜ್ಞೆಯಿಟ್ಟ. ಲೆಕ್ಕ ಅಲ್ಲಿ ತಪ್ಪಿತು. ಹುಳು ನಿರೀಕ್ಷೆಗಿಂತ ಎಷ್ಟೋ ವೇಗವಾಗಿ ಹಬ್ಬಿತು. ಒಂದು ಯಂತ್ರದಲ್ಲಿ ಹತ್ತಾರು ಹುಳುಗಳು ತುಂಬಿ, ಅವುಗಳ ಬೀಸುವ ಕೆಲಸದ ಭಾರಕ್ಕೆ ಯಂತ್ರ ಉಸಿರುಗಟ್ಟಿತು. ಆಗ ಜಾಲದಲ್ಲಿದ್ದ ಯಂತ್ರಗಳು ಸುಮಾರು 60,000. ಅವುಗಳಲ್ಲಿ 6,000 ಈ ರಾತ್ರಿ ಕೆಟ್ಟವೆಂದು ಅಂದಾಜು ಮಾಡಿದರು. ಗಾಬರಿಗೊಂಡ ಹುಡುಗ ಹಾರ್ವರ್ಡ್‌ನ ಗೆಳೆಯನೊಬ್ಬನ ಮೂಲಕ, ಹುಳುವನ್ನು ತಡೆಯುವ ಬಗೆಯನ್ನು ತಿಳಿಸುವ ಹೆಸರಿಲ್ಲದ ಸಂದೇಶವೊಂದನ್ನು ಕಳಿಸಿದ. ಆ ಸಂದೇಶ ಸಾಗಬೇಕಾದದ್ದೂ ಅದೇ ಜಾಲದಲ್ಲಿ. ಜಾಲ ಆಗಲೇ ಕಟ್ಟಿಹೋಗಿತ್ತು. ತಾನು ಹಚ್ಚಿದ ಬೆಂಕಿಯನ್ನು ಕೂಗಿ ಹೇಳಲು ಹೋದವನಿಗೆ ಹೊಗೆಯೇ ಗಂಟಲು ಕಟ್ಟಿದಂತಾಯಿತು.

ಬರ್ಕ್‌ಲಿ, ಮ್ಯಾಸಚೂಸೆಟ್ಸ್, ಪರ್ಡ್ಯೂ ಮೊದಲಾದ ಕಡೆಗಳಲ್ಲಿ ವಿದ್ವಾಂಸರು ರಾತ್ರಿಯೆಲ್ಲ ಕುಳಿತು ಹುಳುವನ್ನು ಸೀಳಿ ನೋಡಿ ಮದ್ದು ಕಂಡುಹಿಡಿದರು. ಕಂಡದ್ದನ್ನು ಎಲ್ಲರಿಗೂ ಹಂಚಿದರು. ಇಂಥ ಆಪತ್ತಿನಲ್ಲಿ ಎಲ್ಲರೂ ತಿರುಗಿ ನೋಡಬಹುದಾದ ಒಂದು ಕೇಂದ್ರ ಬೇಕೆಂದು ಅದೇ ತಿಂಗಳು ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ತುರ್ತುತಂಡವೊಂದು ಹುಟ್ಟಿತು. ಅದೇ ಮಾದರಿಯ ‘ಸರ್ಟ್-ಇನ್’ ಎಂಬ ಸಂಸ್ಥೆ ನಮ್ಮ ದೇಶದಲ್ಲಿ 2004ರಲ್ಲಿ ಆರಂಭವಾಯಿತು.

ಹುಡುಗನ ಮೇಲೆ 1986ರ ಕಾನೂನಿನ ಅಡಿ ಮೊಕದ್ದಮೆ ನಡೆಯಿತು. 1990ರಲ್ಲಿ ಅವನು ಅಪರಾಧಿಯೆಂದು ತೀರ್ಮಾನವಾಗಿ, ಮೂರು ವರ್ಷಗಳ ನಿಗಾವಣೆ, 400 ಗಂಟೆಗಳ ಸಮಾಜಸೇವೆ, 10,050 ಡಾಲರ್ ದಂಡ ವಿಧಿಸಿದರು; ಸೆರೆವಾಸ ವಿಧಿಸಲಿಲ್ಲ. ಹಾನಿ ಮಾಡುವ ಉದ್ದೇಶ ತನಗಿರಲಿಲ್ಲವೆಂಬುದು ಅವನ ವಾದ. 1991ರಲ್ಲಿ ಮೇಲಿನ ನ್ಯಾಯಾಲಯ ಕೊಟ್ಟ ಉತ್ತರ ನೆನಪಿಡತಕ್ಕದ್ದು: ಅಧಿಕಾರವಿಲ್ಲದೆ ಪ್ರವೇಶಿಸುವ ಉದ್ದೇಶವಿತ್ತೆಂದು ಸಿದ್ಧವಾದರೆ ಸಾಕು, ಹಾನಿ ಮಾಡುವ ಉದ್ದೇಶ ಬೇರೆಯಾಗಿ ಸಿದ್ಧವಾಗಬೇಕಾಗಿಲ್ಲ.

ಶರ್ವಿಲಕನನ್ನು ಮತ್ತೆ ನೆನೆಯೋಣ. ಅವನಿಗೂ ಕೆಟ್ಟ ಉದ್ದೇಶವಿರಲಿಲ್ಲ. ಪ್ರೀತಿಸಿದ ಮದನಿಕೆಯನ್ನು ದಾಸ್ಯದಿಂದ ಬಿಡಿಸಿಕೊಳ್ಳಬೇಕೆಂದು ಒಡವೆ ಕದ್ದ. ಆದರೆ ಅವನು ಕದ್ದದ್ದು ಇನ್ನೊಬ್ಬಳು ನಂಬಿ ಇಟ್ಟುಹೋದ ಒಡವೆ. ಬಡತನದಲ್ಲಿದ್ದ ಚಾರುದತ್ತ ಅಪನಿಂದೆಗೆ ಹೆದರಿ ನಡುಗಬೇಕಾಯಿತು. ಅವನ ಹೆಂಡತಿ ಧೂತೆ ತನಗುಳಿದಿದ್ದ ರತ್ನಹಾರವನ್ನು ಕೊಟ್ಟು ಮನೆಯ ಮಾನ ಉಳಿಸಬೇಕಾಯಿತು. ಉದ್ದೇಶ ಕನ್ನ ಹಾಕಿದವನ ಮನಸ್ಸಿನಲ್ಲಿರುತ್ತದೆ. ನಷ್ಟ ಮಾತ್ರ ಗೋಡೆಯ ಆಚೆಗಿನವನದು.

ಹಾಗಾದರೆ ಆ ಗೆರೆ ಎಲ್ಲಿದೆ? ತಂದೆಗೆ ಗೊತ್ತಿದ್ದ ವಿದ್ಯೆಯೇ ಮಗನಿಗೂ ಗೊತ್ತಿತ್ತು. ಇಬ್ಬರೂ ಬೀಗ ಮುರಿದವರೇ. ತಂದೆ ತಾನು ಕಾಯಬೇಕಾದ ಮನೆಯ ಬೀಗವನ್ನು ಪರೀಕ್ಷಿಸಿದರು, ಕಂಡ ದೋಷವನ್ನು ಹೆಸರು ಹಾಕಿ ಪ್ರಕಟಿಸಿದರು, ಮದ್ದನ್ನೂ ಜೊತೆಗೇ ಕೊಟ್ಟರು. ಮಗ ಕೇಳದೆ ಇನ್ನೊಬ್ಬರ ಮನೆಗೆ ಹೋದ, ಗುರುತು ಮರೆಸಿ ಹೋದ, ಕೆಟ್ಟ ಮೇಲೆ ಎಚ್ಚರಿಸಿದ. ಒಪ್ಪಿಗೆ, ಬಹಿರಂಗತೆ, ಕಾಲ: ಈ ಮೂರೇ ವ್ಯತ್ಯಾಸ. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಒಡೆಯನ ಅನುಮತಿಯಿಲ್ಲದ ಪ್ರವೇಶವನ್ನೇ ತಪ್ಪೆಂದು ಹೇಳುತ್ತದೆ. ಆದರೆ ಮಗನನ್ನು ನಾವು ಕಳ್ಳನೆಂದು ಕರೆದು ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಅವನು ಮುಂದೆ ಓದಿ, ಹುಳು ಬಿಟ್ಟ ಆ ಮ್ಯಾಸಚೂಸೆಟ್ಸ್ ಸಂಸ್ಥೆಯಲ್ಲಿಯೇ ಪ್ರಾಧ್ಯಾಪಕನಾದ. ತಪ್ಪಿಗೆ ಶಿಕ್ಷೆಯಿತ್ತು, ಶಿಕ್ಷೆಯ ಆಚೆಗೆ ಬದುಕೂ ಇತ್ತು. ಮೇಷ್ಟರಾಗಿ ಬಾಳು ಕಳೆದ ನನಗೆ ಈ ಎರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಕಥೆ ಅಪೂರ್ಣವೆನ್ನಿಸುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಜನ ಕಲಿತರೆ? 2009ರಲ್ಲಿ ರಾಕ್‌ಯೂ ಎಂಬ ಸಂಸ್ಥೆಯಿಂದ 3 ಕೋಟಿ 20 ಲಕ್ಷಕ್ಕೂ ಹೆಚ್ಚು ಗುಪ್ತಪದಗಳು ಕಳವಾದವು. ಆ ಸಂಸ್ಥೆ ಅವುಗಳನ್ನು ಬೀಸದೆ, ಉಪ್ಪು ಬೆರೆಸದೆ, ಕಾಳಾಗಿಯೇ ಇಟ್ಟಿತ್ತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಬಳಸಿದ್ದ ಪದ 123456. ಅದನ್ನು ಇಟ್ಟುಕೊಂಡವರು 2 ಲಕ್ಷ 90 ಸಾವಿರ ಮಂದಿ. ಮೂವತ್ತು ವರ್ಷಗಳಲ್ಲಿ ಬೀಗದವನೂ ಕಲಿಯಲಿಲ್ಲ, ಕೀಲಿಕೈಯವನೂ ಕಲಿಯಲಿಲ್ಲ.

ಜನರನ್ನು ಗದರಿಸಿ ತಿದ್ದಬಹುದೆಂದು ಕೆಲವರು ನೋಡಿದರು. 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಬಿಲ್ ಬರ್ ಎಂಬ ಅಧಿಕಾರಿ ಬರೆದ ಸೂಚನೆಗಳಿಂದ ಲೋಕಕ್ಕೆಲ್ಲ ಒಂದು ಕಟ್ಟಳೆ ಹಬ್ಬಿತು: ಒಂದು ದೊಡ್ಡಕ್ಷರವಿರಲಿ, ಒಂದು ಅಂಕಿಯಿರಲಿ, ಒಂದು ಚಿಹ್ನೆಯಿರಲಿ, ಆಗಾಗ ಬದಲಾಯಿಸಿ. ಜನ ಏನು ಮಾಡಿದರು? ಹಳೆಯ ಪದದ ಕೊನೆಗೆ ಒಂದು ಅಂಕಿ ಸೇರಿಸಿದರು; ಬದಲಾಯಿಸೆಂದಾಗ ಒಂದನ್ನು ಎರಡು ಮಾಡಿದರು. ಅದನ್ನೂ ಊಹಿಸುವ ವಿದ್ಯೆ ಬೆಳೆಯಿತು. 2017ರಲ್ಲಿ ಆ ಅಧಿಕಾರಿ ತಮ್ಮ ಸಲಹೆಯ ಬಗ್ಗೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಅದೇ ವರ್ಷ ಆ ಸಂಸ್ಥೆ ಕಟ್ಟಳೆಗಳನ್ನು ತಿರುಗಿಸಿತು. ವಿಚಿತ್ರವಾಗಿರುವುದಕ್ಕಿಂತ ಉದ್ದವಾಗಿರುವುದು ಮೇಲು. ಸೋರಿಹೋದ ಪದಗಳ ಪಟ್ಟಿಯಲ್ಲಿ ಇರದಿರಲಿ. ಕಾರಣವಿಲ್ಲದೆ ಬದಲಾಯಿಸಬೇಕಾಗಿಲ್ಲ ಎಂಬುದು ಹೊಸ ಮಾತು.

ಇದಕ್ಕೆ ಲೆಕ್ಕದ ಬೆಂಬಲವಿದೆ. ಇಂಗ್ಲಿಷಿನ ಆರು ಸಣ್ಣಕ್ಷರಗಳಿಂದ ಆಗುವ ಪದಗಳು ಸುಮಾರು 31 ಕೋಟಿ. ಸೆಕೆಂಡಿಗೆ 100 ಕೋಟಿ ಸಲ ಬೀಸಬಲ್ಲ ಇಂದಿನ ಯಂತ್ರಕ್ಕೆ, ಬೀಸುವ ಕಲ್ಲು ಹಗುರವಾಗಿದ್ದರೆ, ಅದು ಕಣ್ಣೆವೆಯಿಕ್ಕುವಷ್ಟರ ಕೆಲಸ. ಇನ್ನೊಂದು ಬಗೆಯನ್ನು ನೋಡಿ. 7,776 ಸಾಮಾನ್ಯ ಪದಗಳ ಒಂದು ಪಟ್ಟಿಯಿರಲಿ. ಐದು ಸಲ ದಾಳ ಎಸೆದರೆ ಬರುವ ಸಂಖ್ಯೆಗೆ ಒಂದು ಪದ ಸಿಗುತ್ತದೆ. ಹೀಗೆ ಐದು ಪದಗಳನ್ನು ಎತ್ತಿ ಒಂದರ ಪಕ್ಕಕ್ಕೊಂದು ಇಟ್ಟರೆ, ಅದೇ ಯಂತ್ರ ಅವುಗಳನ್ನೆಲ್ಲ ಬೀಸಿ ಮುಗಿಸಲು 900 ವರ್ಷಗಳಾಗುತ್ತವೆ. ಕಳ್ಳನಿಗೆ ಪಟ್ಟಿಯೂ ಗೊತ್ತು, ಉಪಾಯವೂ ಗೊತ್ತು. ದಾಳ ಹೇಗೆ ಬಿತ್ತೆಂಬುದೊಂದು ಗೊತ್ತಿಲ್ಲ. ಕೆರ್ಕಾಫ್ಸ್ ಮೇಷ್ಟರು ಕೇಳಿದ್ದು ಇದನ್ನೇ. ಧರ್ಮರಾಯ ದಾಳವನ್ನು ನಂಬಿ ರಾಜ್ಯ ಕಳೆದುಕೊಂಡ. ನಾವು ದಾಳವನ್ನು ನಂಬಿ ಇದ್ದುದನ್ನು ಉಳಿಸಿಕೊಳ್ಳಬಹುದು. ಏಕೆಂದರೆ ದಾಳಕ್ಕೆ ಮಮತೆಯಿಲ್ಲ. ಅದಕ್ಕೆ ಊರಿಲ್ಲ, ಹೆಂಡತಿ ಮಕ್ಕಳಿಲ್ಲ, ಮೆಚ್ಚಿನ ಕವಿಯಿಲ್ಲ.

ಆ ಮಮತೆಯ ಮಾತಿಗೆ ಒಂದು ಸ್ವಂತ ಸಂಗತಿ ಹೇಳಿಬಿಡುತ್ತೇನೆ. ಎಷ್ಟೋ ವರ್ಷ ನನ್ನ ಗುಪ್ತಪದ ತೀರಿಕೊಂಡ ನನ್ನ ತಾಯಿಯ ಹೆಸರಾಗಿತ್ತು. ಅದು ಸುರಕ್ಷಿತವಲ್ಲವೆಂದು ಮೊಮ್ಮಗ ಹೇಳಿದಾಗ, ಹೌದೆಂದು ಗೊತ್ತಿದ್ದೂ ಬಹಳ ದಿನ ಬದಲಾಯಿಸಲಿಲ್ಲ. ದಿನಕ್ಕೊಮ್ಮೆಯಾದರೂ ಆ ನಾಲ್ಕಕ್ಷರಗಳನ್ನು ಬೆರಳು ಬರೆಯುತ್ತಿತ್ತು. ಅದನ್ನು ಬಿಟ್ಟರೆ ಇನ್ನೆಲ್ಲಿ ಬರೆದೇನು ಎನ್ನಿಸಿತ್ತು. ಕೊನೆಗೆ ಬದಲಾಯಿಸಿದೆ. ಅವಳ ಹೆಸರನ್ನು ಈಗ ದಿನಚರಿಯ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಹೆಸರನ್ನು ಮುಚ್ಚಿಡಬೇಕಾದ ಜಾಗದಿಂದ ತೆಗೆದು ಎಲ್ಲರೂ ಕಾಣುವ ಜಾಗದಲ್ಲಿ ಇಟ್ಟದ್ದು ಒಳ್ಳೆಯದೇ ಆಯಿತು.

ಈ ದೌರ್ಬಲ್ಯ ನನ್ನಂಥ ಸಾಮಾನ್ಯನದಷ್ಟೇ ಅಲ್ಲ ಎಂಬ ಸಮಾಧಾನಕ್ಕೆ ಕಾರಣವೂ ಇದೆ. ಮಾರಿಸರೊಂದಿಗೆ ಆ ಪ್ರಬಂಧವನ್ನು ಬರೆದ ಕೆನ್ ಥಾಂಪ್ಸನ್ ಅವರ ಹಳೆಯ ಗುಪ್ತಪದದ ಹಿಟ್ಟು, ಯುನಿಕ್ಸ್‌ನ ಬರ್ಕ್‌ಲಿ ಆವೃತ್ತಿಯ ಹಳೆಯ ಕಡತವೊಂದರಲ್ಲಿ ಉಳಿದುಬಂದಿತ್ತು. ಅದನ್ನು ಬಿಡಿಸಲು ಆಸಕ್ತರು ಪ್ರಯತ್ನಿಸಿದರು. ಅದು ನಿಘಂಟಿನ ಪದವಲ್ಲ, ಹೆಸರಲ್ಲ. ಸುಮಾರು ನಲವತ್ತು ವರ್ಷ ತನ್ನ ಗುಟ್ಟನ್ನು ಕಾಯ್ದುಕೊಂಡಿತ್ತು. 2019ರಲ್ಲಿ ಇಂದಿನ ಬಲಶಾಲಿ ಯಂತ್ರವೊಂದು ದಿನಗಟ್ಟಲೆ ಬೀಸಿದ ಮೇಲೆ ಅದು ಹೊರಬಿತ್ತು. ಎಂಟು ಅಕ್ಷರ ಮತ್ತು ಚಿಹ್ನೆಗಳು. ಅರ್ಥ ಮಾತ್ರ ಸ್ಪಷ್ಟ. ಚದುರಂಗದ ಹಳೆಯ ಬರವಣಿಗೆಯಲ್ಲಿ, ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ನಡೆಸು ಎಂದು. ಥಾಂಪ್ಸನ್ ಚದುರಂಗವನ್ನು ಪ್ರೀತಿಸಿದವರು. ಅವರು ಒಬ್ಬ ಸಂಗಡಿಗನೊಂದಿಗೆ ಕಟ್ಟಿದ ಬೆಲ್ ಎಂಬ ಚದುರಂಗದ ಯಂತ್ರ 1980ರಲ್ಲಿ ಯಂತ್ರಗಳ ವಿಶ್ವಪಂದ್ಯವನ್ನು ಗೆದ್ದಿತ್ತು. ಗುಟ್ಟನ್ನು ಬಿಡಿಸಿದವರನ್ನು ಅವರು ಅಭಿನಂದಿಸಿದರು. ಕನ್ನದ ಅಂದವನ್ನು ಮೆಚ್ಚಿದ ಚಾರುದತ್ತನಂತೆ.

ನೂರಕ್ಕೆ 86 ಜನರ ಬೀಗಗಳನ್ನು ಎಣಿಸಿ ತೆಗೆದವರು ತಾವು ಬಾಗಿಲು ಹಾಕಿಕೊಳ್ಳುವಾಗ ಆರಿಸಿಕೊಂಡದ್ದು ತಾವು ಪ್ರೀತಿಸಿದ ಆಟದ ಮೊದಲ ನಡೆಯನ್ನು. ಮನುಷ್ಯ ಗುಟ್ಟನ್ನು ಇಡಲು ಹೋದಾಗಲೂ ತನಗೆ ಪ್ರಿಯವಾದದ್ದನ್ನೇ ಇಡುತ್ತಾನೆ. ಬೀಗ ಮುರಿಯುವ ವಿದ್ಯೆಯೆಲ್ಲ ನಿಂತಿರುವುದು ಈ ಒಂದು ಸತ್ಯದ ಮೇಲೆ. ಅದನ್ನು ಅರಿತವನು ನಮ್ಮ ಬಾಗಿಲು ತಟ್ಟಿ ‘ಸ್ವಾಮಿ, ನಿಮ್ಮ ಗೋಡೆ ಇಲ್ಲಿ ಮೆತ್ತಗಾಗಿದೆ’ ಎಂದು ಹಗಲಿನಲ್ಲಿ ಹೇಳಿದರೆ ಅವನಿಗೆ ಮಣೆ ಹಾಕಿ ಕೂರಿಸೋಣ. ರಾತ್ರಿ ಬಂದು ಅಳೆಯುವವನಿಗೆ ಮಾತ್ರ, ಅವನ ಕೈಯಲ್ಲಿರುವುದು ಜನಿವಾರವೇ ಆದರೂ, ಬಾಗಿಲು ತೆರೆಯದಿರಲಿ.